ಸರ್ವಮಂಗಳಮ್ಮನ ಮೂರು ತಿಂಗಳ ಶುಗರ್

ಚಿತ್ರದುರ್ಗದಿಂದ ಶ್ರೀರಾಂಪುರದವರೆಗೆ ಕಾರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ ಮೇಲೆ ಎಲ್ಲರಿಗೂ ಒಟ್ಟಿಗೇ ಮಾತು ಬಂತು.

“ಎಂಟು ಪಾಯಿಂಟ್ ಎಂಟು,” ಎಂದ ಕಲ್ಲೇಶ್, ಮುದ್ದೆ ಮುರಿಯುತ್ತಾ. “ಹೋದ್ ಸಲ ಎಂಟು ಪಾಯಿಂಟ್ ಆರು ಇತ್ತು. ಇಷ್ಟೆಲ್ಲಾ ಪಥ್ಯ ಮಾಡಿ ಮೇಲಕ್ಕೆ ಹತ್ತಿಸ್ಕೊಂಡು ಬಂದಿದೀವಿ.”

“ನಾನೇನ್ ಮಾಡ್ಲಪ್ಪ? ಕೊಟ್ಟಿದ್ದನ್ನ ತಿಂತೀನಿ,” ಎಂದರು ಅವನ ತಾಯಿ ಸರ್ವಮಂಗಳಮ್ಮ.

“ಕೊಟ್ಟಿದ್ದನ್ನ ಮಾತ್ರ ತಿಂದಿದ್ರೆ ಇಷ್ಟ್ಯಾಕೆ ಬರ್ತಿತ್ತು ಅತ್ತೆ?” ಸೊಸೆ ಉಷಾರಾಣಿ ಸೌಟನ್ನು ಸಾರಿನ ಪಾತ್ರೆಗೆ ಕುಕ್ಕಿದಳು. “ಬೆಳಿಗ್ಗೆ ಎದ್ದು ನಿಮಗೇ ಅಂತ ಬೇರೆ ಪಲ್ಯ, ಬೇರೆ ರೊಟ್ಟಿ ಮಾಡ್ತೀನಿ. ಬೆರಳು ಚುಚ್ಚಿ ನೋಡಿದ್ರೆ ಸರಿಯಾಗೇ ಇರ್ತೈತೆ. ಅಂದ್ರೆ ನಾವು ನೋಡ್ದೇ ಇರೋ ಹೊತ್ನಾಗೆ ಏನೋ ನಡೀತಾ ಐತೆ.”

ಉಳಿದವರೆಲ್ಲ ನೆಲದ ಮೇಲೆ ಕೂತಿದ್ದರೆ ಸರ್ವಮಂಗಳಮ್ಮ ಒಬ್ಬರೇ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಎರಡೂ ಮೊಣಕಾಲು ಸವೆದುಹೋಗಿದ್ದವು. ಹಿತ್ತಲಿನ ಬಚ್ಚಲಿಗೆ ಇಳಿಯಲು ಮೂರೇ ಮೆಟ್ಟಿಲು. ಅವನ್ನು ಅವರು ಕೂತುಕೊಂಡೇ ಜಾರಿ ಇಳಿಯುತ್ತಿದ್ದರು. ಹತ್ತುವಾಗ ಸೊಸೆಯೋ ಮೊಮ್ಮಗಳೋ ಕಂಕುಳಿಗೆ ಕೈ ಕೊಡಬೇಕು. ಅರವತ್ತಾರು ವರ್ಷ ಯಾರ ಕೈಯಲ್ಲೂ ಒಂದು ಲೋಟ ನೀರು ಕೇಳದ ಹೆಂಗಸಿಗೆ ಬಚ್ಚಲಿಗೆ ಹೋಗಲು ಕೂಗಿ ಕರೆಯುವುದೆಂದರೆ ಜೀವ ಹೋದಷ್ಟಾಗುತ್ತಿತ್ತು. ಮೊಣಕಾಲಿನ ಆಪರೇಷನ್ ಒಂದಾದರೆ ಸಾಕು ಎಂದು ವರ್ಷದಿಂದ ಅವರು ಕಾಯುತ್ತಿದ್ದರು.

ಶುಗರ್ ಡಾಕ್ಟರು ಒಪ್ಪಿದರೆ ನಾಳೆಯೇ ಮಾಡುತ್ತೇನೆ ಎಂದು ಮೂಳೆ ಡಾಕ್ಟರು ಹೇಳುತ್ತಿದ್ದರು. ಶುಗರ್ ಡಾಕ್ಟರು, ಮೂರು ತಿಂಗಳ ಟೆಸ್ಟು ಎಂಟರ ಒಳಗೆ ಬರದಿದ್ದರೆ ಗಾಯ ಮಾಯುವುದಿಲ್ಲ ಎನ್ನುತ್ತಿದ್ದರು. ಬೆರಳು ಚುಚ್ಚಿ ನೋಡುವುದು ಆ ಹೊತ್ತಿನ ಶುಗರ್. ತೋಳಿನಿಂದ ರಕ್ತ ತೆಗೆದು ಮಾಡುವ ಈ ಟೆಸ್ಟು ಹಿಂದಿನ ಮೂರು ತಿಂಗಳನ್ನೂ ಒಟ್ಟು ಹಾಕಿ ಹೇಳುತ್ತದಂತೆ. “ಹಿಂದಿನ ದಿನ ಉಪವಾಸ ಇದ್ದು ಇದನ್ನ ಏಮಾರಿಸೋಕೆ ಆಗಲ್ಲ,” ಎಂದು ಡಾಕ್ಟರು ನಗುತ್ತಾ ಹೇಳಿದ್ದರು. ಅವರು ನಕ್ಕಿದ್ದು ಕಲ್ಲೇಶನಿಗೆ ಮರೆತುಹೋಗಿತ್ತು, ಏಮಾರಿಸುವ ಮಾತು ಮಾತ್ರ ನೆನಪಿತ್ತು.

“ನಾನೊಂದ್ ಮಾತು ಹೇಳ್ಲಾ?” ಎಂದರು ಮುರುಗಪ್ಪ. ಸರ್ವಮಂಗಳಮ್ಮನ ಗಂಡ. ಎಪ್ಪತ್ತು ದಾಟಿದೆ, ದಿನಾ ಬೆಳಿಗ್ಗೆ ಒಂದು ಗಂಟೆ ಪೂಜೆ, ಆಮೇಲೆ ಪೇಪರು. “ಈಗಿನ ವಿಭೂತಿ ಗಟ್ಟಿ ಬರೀ ಮೋಸ. ಮೊದ್ಲು ಒಂದ್ ಗಟ್ಟಿ ತಿಂಗಳುಗಟ್ಲೆ ಬರ್ತಿತ್ತು. ಈಗ ಹೊಸದುರ್ಗದಿಂದ ತಂದು ವಾರ ಆಗಿಲ್ಲ, ಅರ್ಧ ಸವೆದು ಹೋಗೈತೆ.”

“ಅಪ್ಪಾಜಿ, ಇಲ್ಲಿ ಅವ್ವನ ಕಾಲಿನ ಮಾತು ನಡೀತಾ ಐತೆ,” ಎಂದ ಕಲ್ಲೇಶ್.

“ಕಾಲು ನೋವಿಗೆ ಮಾತ್ರೆ ತಂದ್ಕೊಡ್ತಾ ಇದೀನಲ್ಲ,” ಎಂದು ಮುರುಗಪ್ಪ ಮಜ್ಜಿಗೆ ಕುಡಿದರು. ಅದು ನಿಜ. ಪೇಪರು ತರಲು ಹೋದಾಗ ಬಸ್ ಸ್ಟ್ಯಾಂಡಿನ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆಯನ್ನೂ ತರುತ್ತಿದ್ದರು. ಮೊದಲು ವಾರಕ್ಕೊಂದು ನುಂಗುತ್ತಿದ್ದ ಸರ್ವಮಂಗಳಮ್ಮ ಈಗ ದಿನಕ್ಕೆರಡು ನುಂಗುತ್ತಿದ್ದರು. ಇಲ್ಲದಿದ್ದರೆ ಆ ಮೂರು ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲ.

ಮಾರನೇ ದಿನದಿಂದ ಉಷಾರಾಣಿ ಕಾವಲು ಶುರು ಮಾಡಿದಳು. ಅವಳದ್ದೇನೂ ಕೆಟ್ಟ ಬುದ್ಧಿಯಲ್ಲ. ಹೊಳಲ್ಕೆರೆಯಲ್ಲಿರುವ ನಾದಿನಿ ಚಿತ್ರಾ ದಿನಾ ಸಂಜೆ ಫೋನ್ ಮಾಡಿ, “ಅತ್ತಿಗೆ, ಅವ್ವನಿಗೆ ಇವತ್ತೇನ್ ಮಾಡಿದ್ರಿ?” ಎಂದು ಕೇಳುತ್ತಿದ್ದಳು. ಕೇಳುವ ದನಿಯಲ್ಲೇ ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬುದಿರುತ್ತಿತ್ತು. ಹದಿನೆಂಟು ವರ್ಷದಿಂದ ಈ ಮನೆಯ ಒಲೆ ಮುಂದೆ ನಿಂತವಳಿಗೆ ಆ ದನಿ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಪಾತ್ರೆ ತೊಳೆದು ಒಳಗೆ ಬಂದಾಗ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದುದು ಕಂಡಿತು. ತುಟಿಯ ಮೂಲೆಯಲ್ಲಿ ಬೆಳ್ಳಗೆ ಪುಡಿ.

“ಏನ್ರಿ ಅತ್ತೆ ಅದು?”

“ಎಲ್ಲಿ? ಏನೂ ಇಲ್ಲ.”

“ತುಟಿ ಮೇಲೆ ಬೆಳ್ಳಗಿತ್ತು.”

“ಬೆಳಿಗ್ಗೆ ಹಲ್ಲುಜ್ಜಿದ್ದಿರ್ಬೇಕು.”

“ಮಧ್ಯಾಹ್ನ ಮೂರು ಗಂಟೆ ತನಕ ಹಲ್ಪುಡಿ ಇರ್ತೈತಾ?”

ಸರ್ವಮಂಗಳಮ್ಮ ಗೋಡೆ ಕಡೆ ತಿರುಗಿದರು. ಉಷಾರಾಣಿ ನೇರ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬ ಎತ್ತಿ ನೋಡಿದಳು. ಕಡಿಮೆಯಾದಂತೆಯೇ ಕಂಡಿತು. ಅನುಮಾನ ಇದ್ದವರಿಗೆ ಯಾವ ಡಬ್ಬವೂ ತುಂಬಿದಂತೆ ಕಾಣುವುದಿಲ್ಲ. ಅಂದು ಸಂಜೆಯೇ ಸಕ್ಕರೆ, ಬೆಲ್ಲ ಎರಡೂ ಬೀರುವಿನೊಳಗೆ ರೇಷ್ಮೆ ಸೀರೆಗಳ ಪಕ್ಕ ಸೇರಿದವು. ಬೀಗದ ಕೈ ಉಷಾರಾಣಿಯ ಸೊಂಟದಲ್ಲಿ. ಆಮೇಲೆ ಮುರುಗಪ್ಪನವರಿಗೆ ಒಂದು ಲೋಟ ಟೀ ಬೇಕೆಂದರೂ ಬೀರು ತೆಗೆಯಬೇಕು.

“ಬ್ಯಾಂಕ್ ಲಾಕರ್‌ನಾಗೆ ಇಟ್ಟುಬಿಡಮ್ಮ, ತಿಂಗಳಿಗೊಂದ್ ಸಲ ಹೋಗಿ ಟೀ ಕುಡ್ಕೊಂಡ್ ಬರ್ತೀನಿ,” ಎಂದರು ಅವರು.

ಯಾರೂ ನಗಲಿಲ್ಲ.

ಆ ಭಾನುವಾರ ಕಲ್ಲೇಶ್ ಮನೆಯಲ್ಲಿದ್ದ. ತೆಂಗಿನಕಾಯಿ ವ್ಯಾಪಾರ ಅವನದು. ಸುತ್ತಲ ತೋಟಗಳಿಂದ ಕಾಯಿ ಕೊಂಡು ಹಿರಿಯೂರಿಗೆ ಲೋಡು ಕಳಿಸುತ್ತಾನೆ. ಮಾತಿಗೆ ಮಾತು ಬೆಳೆದು ಉಷಾರಾಣಿ ತುಟಿ ಮೇಲಿನ ಬಿಳಿ ಪುಡಿಯ ಸಂಗತಿ ಹೇಳಿಯೇಬಿಟ್ಟಳು. ಕಲ್ಲೇಶನಿಗೆ ಸಿಟ್ಟು ನೆತ್ತಿಗೇರಿತು. ದೇವರ ಮನೆಗೆ ಹೋಗಿ, ಅಪ್ಪ ಪೂಜೆ ಮುಗಿಸಿಟ್ಟಿದ್ದ ವಿಭೂತಿ ಗಟ್ಟಿಯನ್ನು ತಟ್ಟೆ ಸಮೇತ ತಂದು ತಾಯಿಯ ಮುಂದೆ ಹಿಡಿದ.

“ಮುಟ್ಟಿ ಹೇಳವ್ವ. ಸಕ್ಕರೆ ತಿಂದಿಲ್ಲ ಅಂತ ವಿಭೂತಿ ಮುಟ್ಟಿ ಹೇಳಿಬಿಡು. ಮತ್ತೆ ಈ ಮನೇನಾಗೆ ಈ ಮಾತು ಎತ್ತಿದ್ರೆ ಕೇಳು.”

“ಲೇ, ಹೆತ್ತ ತಾಯಿಗೆ ಆಣೆ ಮಾಡಿಸ್ತೀಯಾ?” ಎಂದರು ಮುರುಗಪ್ಪ.

“ನೀನು ಸುಮ್ನಿರಪ್ಪಾಜಿ. ಅವ್ವ, ಮುಟ್ಟು.”

ಸರ್ವಮಂಗಳಮ್ಮ ಕೈ ಮುಂದೆ ತಂದರು. ಬೆರಳು ವಿಭೂತಿಯ ಹತ್ತಿರ ಹೋಯಿತು. ಅಲ್ಲಿ ನಿಂತು ಹಿಂದಕ್ಕೆ ಬಂತು. ಆ ಕೈಯನ್ನು ಅವರು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.

“ನಾನು ಸಕ್ಕರೆ ತಿಂದಿಲ್ಲ,” ಎಂದರು. “ಆದ್ರೆ ಅದನ್ನ ಮುಟ್ಟಲ್ಲ.”

“ತಿಂದಿಲ್ಲ ಅಂದ್ರೆ ಮುಟ್ಟೋಕೇನು?”

“ಮುಟ್ಟಲ್ಲ ಅಂದ್ರೆ ಮುಟ್ಟಲ್ಲ.”

ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಉಷಾರಾಣಿ ಗಂಡನ ಮುಖ ನೋಡಿದಳು. ಕಲ್ಲೇಶ್ ತಟ್ಟೆಯನ್ನು ದೇವರ ಮನೆಯಲ್ಲಿ ಇಟ್ಟು ಬಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ತನ್ನ ತಾಯಿ ಕದ್ದು ತಿನ್ನುವ ಹೆಂಗಸು ಎಂಬುದನ್ನು ಅವನು ಇಷ್ಟು ದಿನ ಬಾಯಲ್ಲಿ ಹೇಳುತ್ತಿದ್ದ, ಮನಸ್ಸಿನಲ್ಲಿ ನಂಬಿರಲಿಲ್ಲ. ಈಗ ನಂಬಿದ.

ಹೋದ ವರ್ಷ ಅವನ ಗೋಡೌನಿನಲ್ಲಿ ಕಾಯಿ ಕಳುವಾಗುತ್ತಿದ್ದಾಗ ಕ್ಯಾಮೆರಾ ಹಾಕಿಸಿದ್ದ. ಹಾಕಿಸಿದ ದಿನದಿಂದ ಕಳ್ಳತನ ನಿಂತಿತು. ಶುಗರ್ ಡಾಕ್ಟರು ಸೆನ್ಸರ್ ಎಂದು ಏನೋ ಹೇಳಿದ್ದು ಅವನಿಗೆ ನೆನಪಾಯಿತು. ರೂಪಾಯಿ ಬಿಲ್ಲೆಯಷ್ಟು ಅಗಲದ ಬಿಳಿ ಬಿರಡೆ, ತೋಳಿನ ಹಿಂದೆ ಅಂಟಿಸಿದರೆ ಚರ್ಮದೊಳಗೆ ಕೂದಲಿನಂಥ ಎಳೆ ಹೋಗುತ್ತದೆ, ಹಗಲೂ ರಾತ್ರಿ ಶುಗರ್ ಎಷ್ಟಿದೆ ಎಂದು ಫೋನಿಗೆ ಕಳಿಸುತ್ತದೆ. ಎರಡು ವಾರಕ್ಕೊಂದು ಬದಲಾಯಿಸಬೇಕು. ಮುಂದಿನ ಮೂರು ತಿಂಗಳ ಟೆಸ್ಟಿನವರೆಗೆ ಬಿಡದೆ ಹಾಕಿಸುತ್ತೇನೆ ಎಂದ ಕಲ್ಲೇಶ್.

“ಅಷ್ಟು ದಿನ ಬೇಕಾಗಲ್ಲ, ಎರಡು ವಾರದ್ದು ನೋಡಿದ್ರೆ ಸಾಮಾನ್ಯವಾಗಿ ಅಂದಾಜು ಸಿಗುತ್ತೆ,” ಎಂದರು ಡಾಕ್ಟರು.

“ಎರಡು ವಾರ ಯಾರು ಬೇಕಾದ್ರೂ ಒಳ್ಳೇರಾಗಿರ್ತಾರೆ ಸಾರ್. ಅದೇನ್ ಮೂರು ತಿಂಗಳು ಲೆಕ್ಕ ಹಾಕ್ತೈತೋ, ಅಷ್ಟೂ ದಿನ ಇದೂ ಇರ್ಲಿ.”

ಸರ್ವಮಂಗಳಮ್ಮನಿಗೆ ಸೆನ್ಸರ್ ಅಂಟಿಸುವಾಗ ನೋವಾಗಲಿಲ್ಲ. ಮನೆಗೆ ಬಂದ ಮೇಲೆ ಶುರುವಾಯಿತು. ಅವರ ರಕ್ತದ ಗೆರೆ ಮಗನ ಫೋನಿನಲ್ಲಿ, ಸೊಸೆಯ ಫೋನಿನಲ್ಲಿ, ಹೊಳಲ್ಕೆರೆಯ ಮಗಳ ಫೋನಿನಲ್ಲಿ ಓಡತೊಡಗಿತು. ಸೊಪ್ಪಿನ ಸಾರು ಉಂಡರೆ ಗೆರೆ ಇಷ್ಟು ಏರಿತು, ಅವಲಕ್ಕಿ ತಿಂದರೆ ಅಷ್ಟು ಏರಿತು. ಗೆರೆ ಏರಿದಾಗಲೆಲ್ಲ ಯಾರಾದರೊಬ್ಬರ ಫೋನು.

“ಅವ್ವ, ಈಗ ಏನ್ ತಿಂದೆ?” ಹಿರಿಯೂರಿನಿಂದ ಕಲ್ಲೇಶ್.

“ಊಟ ಮಾಡ್ದೆ ಕಣಪ್ಪ. ಊಟಾನೂ ಮಾಡಬಾರ್ದಾ?”

“ಅವ್ವ, ಹನ್ನೊಂದು ಗಂಟೆಗೆ ಏನೋ ತಿಂದಂಗಿತ್ತಲ್ಲ?” ಸಂಜೆ ಚಿತ್ರಾ.

“ನಿಮ್ಮತ್ತಿಗೆ ಸೀಬೆಹಣ್ಣು ಕೊಟ್ಟಿದ್ಲು. ಅರ್ಧ. ಇನ್ನರ್ಧ ನಿಮ್ಮಪ್ಪ ತಿಂದ್ರು. ಅವರಿಗೂ ಒಂದು ಅಂಟಿಸ್ರಿ.”

ಮೊಮ್ಮಗಳು ಶಿವಗಂಗಾ ಹೊಸದುರ್ಗದಲ್ಲಿ ಪಿಯುಸಿ ಓದುತ್ತಿದ್ದಳು. ಫೋನಿನ ವಿಷಯದಲ್ಲಿ ಮನೆಗೆಲ್ಲ ಅವಳೇ ದೊಡ್ಡವಳು. ಎರಡು ವಾರ ಕಳೆದ ದಿನ ಅವಳು ಒಲೆ ಹತ್ತಿರ ಬಂದು, “ಅಮ್ಮ, ಇಲ್ನೋಡು. ಇದೇ ಸರಾಸರಿ ತೆಗೆದು, ಮೂರು ತಿಂಗಳ ಟೆಸ್ಟು ಎಷ್ಟು ಬರಬೌದು ಅಂತ ತೋರ್ಸುತ್ತೆ. ಅಜ್ಜೀದು ಏಳು ಪಾಯಿಂಟ್ ಒಂದು ಐತೆ,” ಎಂದಳು.

“ತೋಳಿಗೆ ಕಾವಲು ಅಂಟ್ಕೊಂಡೈತೆ ಅಂತ ಹುಷಾರಾಗಿದಾರೆ,” ಎಂದಳು ಉಷಾರಾಣಿ. “ಪರೀಕ್ಷೆ ಹತ್ರ ಬಂದಾಗ ನೀನು ಪುಸ್ತಕ ಹಿಡಿಯಲ್ವಾ, ಹಂಗೆ.”

“ನನ್ನ ವಿಷಯ ಯಾಕೆ ಬಂತೀಗ?”

“ಬಂತು, ಹೋಗು, ಕಸ ಗುಡಿಸು.”

ಎರಡನೇ ಸೆನ್ಸರ್ರೂ ಏಳರ ಹತ್ತಿರವೇ ಹೇಳಿತು. ಮೂರನೆಯದೂ ಅಷ್ಟೇ. ಆ ನಡುವೆ ಒಂದು ಮಧ್ಯಾಹ್ನ ಮನೆಯಲ್ಲಿ ದೊಡ್ಡ ಗಲಾಟೆ ಆಯಿತು. ಸರ್ವಮಂಗಳಮ್ಮ ಊಟ ಮಾಡಿ ಎಡ ಮಗ್ಗುಲಿಗೆ ಮಲಗಿದ್ದರು. ಮೂರೂ ಫೋನು ಒಟ್ಟಿಗೇ ಕಿರುಚಿಕೊಂಡವು. ಶುಗರ್ ಐವತ್ತೆಂಟಕ್ಕೆ ಇಳಿದಿದೆ, ಎಪ್ಪತ್ತರ ಕೆಳಗೆ ಹೋದರೆ ಅಪಾಯ! ಕಲ್ಲೇಶ್ ಹಿರಿಯೂರಿನಲ್ಲಿ ಲಾರಿ ಪಕ್ಕ ನಿಂತು ಫೋನಿನಲ್ಲಿ ಕೂಗಿದ: “ಉಷಾ, ಸಕ್ಕರೆ ಕೊಡು! ಅವ್ವಂಗೆ ಸಕ್ಕರೆ ಕೊಡು!”

ಉಷಾರಾಣಿಗೆ ಅವಸರದಲ್ಲಿ ಬೀರುವಿನ ಬೀಗ ತೆಗೆಯಲಾಗಲಿಲ್ಲ. ಹೇಗೋ ತೆಗೆದು, ರೇಷ್ಮೆ ಸೀರೆ ಮೇಲೆಲ್ಲ ಚೆಲ್ಲಿ, ನೀರಿಗೆ ಹಿಡಿಗಟ್ಟಲೆ ಸಕ್ಕರೆ ಕಲಸಿ ತಂದು ಅತ್ತೆಯನ್ನು ಎಬ್ಬಿಸಿದಳು.

“ಏನಾಗೈತೆ ನಿಂಗೆ? ನಾನು ಚೆನ್ನಾಗಿದೀನಿ.”

“ಮಾತಾಡ್ಬೇಡ್ರಿ, ಕುಡೀರಿ!”

“ಇಷ್ಟು ಸಿಹಿ ನಾನು ಕುಡಿಯಲ್ಲ.”

“ಕುಡೀರಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ!”

ಸರ್ವಮಂಗಳಮ್ಮ ಲೋಟ ಪೂರ್ತಿ ಕುಡಿದರು. ಅರ್ಧ ಗಂಟೆಗೆ ಗೆರೆ ಮನೆಯ ಸೂರು ಮುಟ್ಟುವಂತೆ ಎದ್ದು ನಿಂತಿತು. ಹೊಳಲ್ಕೆರೆಯಿಂದ ಚಿತ್ರಾ, “ಅತ್ತಿಗೆ, ನಮ್ಮವ್ವಂಗೆ ಈಗ ಏನ್ ತಿನ್ನಿಸಿದ್ರಿ?” ಎಂದು ಕೇಳಿದಾಗ ಉಷಾರಾಣಿ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದಳು. ಸಂಜೆ ಶಿವಗಂಗಾ ಬಂದು, ಸೆನ್ಸರ್ ಇರುವ ತೋಳಿನ ಮೇಲೆ ಭಾರ ಹಾಕಿ ಮಲಗಿದರೆ ಹೀಗೆ ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆ ಎಂದು ಓದಿ ಹೇಳಿದಳು. ಅಲ್ಲಿಗೆ ಆ ಮೂರು ತಿಂಗಳಲ್ಲಿ ಸರ್ವಮಂಗಳಮ್ಮ ಸಕ್ಕರೆ ತಿಂದದ್ದು ಒಂದೇ ಸಲ, ಅದೂ ಕಾವಲಿದ್ದವರೇ ಕಾಲಿಗೆ ಬಿದ್ದು ಕುಡಿಸಿದ್ದು.

ಇಷ್ಟರಲ್ಲಿ ಅವರು ಇನ್ನೂ ಸೊರಗಿದ್ದರು. ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. “ಶುಗರ್ ಇದ್ದೋರು ಹಂಗೇ,” ಎಂದು ಎಲ್ಲರೂ ಹೇಳುತ್ತಿದ್ದರು. ಆ ಮನೆಯಲ್ಲಿ ಆಗ ಎಲ್ಲಕ್ಕೂ ಶುಗರ್ ಕಾರಣ. ಬಾಗಿಲು ಕಿರುಗುಟ್ಟಿದರೂ ಶುಗರ್.

ಕೊನೆಗೂ ಟೆಸ್ಟಿನ ದಿನ ಬಂತು. ಹೊಸದುರ್ಗದ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದರು. ಈ ಸಲ ಏಳರ ಹತ್ತಿರ ಬರುತ್ತದೆ, ಆಪರೇಷನ್ ಗ್ಯಾರಂಟಿ ಎಂದು ಕಲ್ಲೇಶ್ ಮೂಳೆ ಡಾಕ್ಟರ ಆಸ್ಪತ್ರೆಗೆ ಫೋನ್ ಮಾಡಿ ರೂಮು ಕೂಡ ವಿಚಾರಿಸಿದ್ದ. ಸಂಜೆ ರಿಪೋರ್ಟು ಫೋನಿಗೆ ಬಂತು.

ಎಂಟು ಪಾಯಿಂಟ್ ಒಂಬತ್ತು.

ಕಲ್ಲೇಶ್ ಫೋನನ್ನು ಮಂಚದ ಮೇಲೆ ಎಸೆದ. “ಏನವ್ವ ಇದು? ಮೂರು ತಿಂಗಳು! ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದೀವಿ!”

“ನನ್ನ ಕೇಳಿದ್ರೆ? ಅದನ್ನ ಕೇಳು, ನೀನೇ ಅಂಟಿಸಿದ್ದಲ್ಲ,” ಎಂದರು ಸರ್ವಮಂಗಳಮ್ಮ, ತೋಳು ತೋರಿಸಿ.

“ಅದು ಏಳು ಅಂತೈತೆ, ಇದು ಒಂಬತ್ತು ಅಂತೈತೆ. ಒಂದು ಸುಳ್ಳು ಹೇಳ್ತಾ ಇರ್ಬೇಕು. ಇಲ್ಲ ಅಂದ್ರೆ ನೀನು ಹೇಳ್ತಾ ಇರ್ಬೇಕು!”

“ಅಪ್ಪಾ, ಗೆರೆ ಅಷ್ಟೂ ದಿನದ್ದು ಐತೆ. ಅಜ್ಜಿ ತಿಂದಿದ್ರೆ ಅದ್ರಾಗೆ ಕಾಣ್ತಿತ್ತು,” ಎಂದಳು ಶಿವಗಂಗಾ.

“ನೀನು ಓದ್ಕೋ ಹೋಗು!”

“ಮಗೂನ್ಯಾಕೆ ಬೈತೀರಿ?” ಉಷಾರಾಣಿಯೂ ದನಿ ಏರಿಸಿದಳು. “ನಿಮ್ಮ ತಂಗಿ ಈಗ ಫೋನ್ ಮಾಡ್ತಾಳೆ, ಅವಳಿಗೆ ಏನ್ ಹೇಳ್ಲಿ ನಾನು? ನನಗೂ ಸಾಕಾಗಿ ಹೋಗೈತೆ. ನಾಳೆಯಿಂದ ನೀವೇ ಮಾಡಿ ಹಾಕ್ರಿ ನಿಮ್ಮವ್ವಂಗೆ.”

ಸರ್ವಮಂಗಳಮ್ಮ ಅಳತೊಡಗಿದರು. ಶಬ್ದವಿಲ್ಲ, ಕಣ್ಣೀರು ಮಾತ್ರ. “ನನ್ನ ಕಾಲು ಇರೋ ಹಂಗೇ ಇರ್ಲಿ ಬಿಡ್ರಪ್ಪ. ತೆವಳ್ಕೊಂಡೇ ಇರ್ತೀನಿ. ಕಳ್ಳಿ ಅನ್ನಿಸ್ಕೊಂಡು ಕಾಲು ಮಾಡಿಸ್ಕೊಳೋದು ನಂಗೆ ಬ್ಯಾಡ.”

ಸರಿಯಾಗಿ ಆ ಹೊತ್ತಿಗೆ ಮುರುಗಪ್ಪ ಹೊಸದುರ್ಗದ ಬಸ್ಸಿಳಿದು ಒಳಗೆ ಬಂದರು. ಟೆಸ್ಟಿಗೆ ಹೋದವರ ಜೊತೆಗೇ ಹೋಗಿ, ತಮ್ಮದೊಂದು ಕೆಲಸವಿದೆ ಎಂದು ಹಿಂದುಳಿದಿದ್ದರು. ಮುಖದಲ್ಲಿ ಗೆದ್ದು ಬಂದ ಕಳೆ.

“ಇವತ್ತು ಆ ವಿಭೂತಿ ಅಂಗಡಿಯವನಿಗೆ ನೀರಿಳಿಸಿ ಬಂದೆ. ಮಿಕ್ಕಿದ್ದ ಚೂರು ತಗಂಡು ಹೋಗಿ ಅವನ ಗಲ್ಲಾದ ಮೇಲೆ ಇಟ್ಟೆ. ‘ಏನಯ್ಯಾ, ದೇವರ ಸಾಮಾನಿನಾಗೂ ಕಲಬೆರಕೆ ಮಾಡ್ತೀಯಾ? ನಾಲ್ಕ್ ದಿನಕ್ಕೆ ಸವೆದು ಹೋಗ್ತೈತಲ್ಲ ನಿನ್ನ ಗಟ್ಟಿ’ ಅಂದೆ. ಅಂಗಡಿ ತುಂಬ ಗಿರಾಕಿಗಳು ಇದ್ರು. ಪಾಪ, ಅವನು ಕೈ ಮುಗಿದು ಒಂದು ಹೊಸ ಗಟ್ಟಿ ಸುಮ್ನೆ ಕೊಟ್ಟ. ಇಸ್ಕೊಂಡು, ಇನ್ಮೇಲೆ ನಿನ್ನಂಗಡಿ ಮೆಟ್ಟಿಲು ಹತ್ತಲ್ಲ ಅಂತ ಹೇಳಿ ಬಂದೆ.”

ಸರ್ವಮಂಗಳಮ್ಮ ಅಳು ನಿಲ್ಲಿಸಿ ಗಂಡನನ್ನು ನೋಡಿದರು.

“ಗಿರಾಕಿಗಳ ಮುಂದೆ ಬೈದ್ರಾ?”

“ಮತ್ತೆ? ಬಿಡ್ತೀನಾ?”

“ನಾಳೆ ಹೋಗಿ ಅವನಿಗೆ ದುಡ್ಡು ಕೊಟ್ಟು ಬರ್ರಿ. ತಪ್ಪಾತು ಅಂತ ಹೇಳಿ ಬರ್ರಿ. ಅವನದೇನೂ ತಪ್ಪಿಲ್ಲ. ಗಟ್ಟಿ ಸವೆದಿಲ್ಲ, ತಿಂದಿದೀನಿ.”

“ಏನಂದೆ?”

“ನಾನು ತಿಂದಿದೀನಿ. ನಿಮ್ಮ ವಿಭೂತೀನ.” ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. “ಆರೇಳು ತಿಂಗಳಾತು. ಮೊದ್ಲು ಪ್ರಸಾದ ಅಂತ ಚಿಟಿಕೆ ಬಾಯಿಗೆ ಹಾಕ್ಕೊಂತಿದ್ದೆ. ಆಮೇಲೆ ಬಿಡಕ್ಕೇ ಆಗ್ಲಿಲ್ಲ. ಆ ವಾಸನೆ ಬಂದ್ರೆ ಬಾಯಾಗೆ ನೀರು ಬರ್ತೈತೆ. ಚೂರು ಮುರ್ಕೊಂಡು ಸೆರಗಿನಾಗೆ ಕಟ್ಕೊಂಡು ತಿಂತೀನಿ. ದೇವರಿಗೆ ಇಟ್ಟಿದ್ದನ್ನ ಕಡ್ಲೆಕಾಯಿ ತಿಂದಂಗೆ ತಿಂತಾಳೆ ಅಂದ್ರೆ ನೀವೇನ್ ಅಂತಿದ್ರಿ? ಅದನ್ನೇ ಮುಟ್ಟಿ ಆಣೆ ಮಾಡು ಅಂತಾನಲ್ಲ ಇವನು, ಯಾವ ಮುಖ ಇಟ್ಕೊಂಡು ಮುಟ್ಲಿ?”

ಕಲ್ಲೇಶ್ ನಿಧಾನಕ್ಕೆ, “ವಿಭೂತಿನಾಗೆ ಸಕ್ಕರೆ ಇರ್ತೈತಾ?” ಎಂದ. ಅದು ಎಂಥ ಪೆದ್ದು ಪ್ರಶ್ನೆ ಎಂದು ಅವನಿಗೇ ಗೊತ್ತಾಯಿತು.

ಉಷಾರಾಣಿ ಕೂತಲ್ಲಿಂದ ಎದ್ದಳು. ಅತ್ತೆಯ ಮುಂದೆ ಬಂದು ಮುಖದ ಸೆರಗು ಸರಿಸಿದಳು. ಕೆನ್ನೆಗೆ ಬೆರಳಿಟ್ಟು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪಿನ ಸುಳಿವೇ ಇರಲಿಲ್ಲ.

“ಅತ್ತೆ, ಶಿವಗಂಗಾ ಹೊಟ್ಟೆನಾಗಿದ್ದಾಗ ನಾನು ಬಳಪ ತಿಂತಿದ್ದೆ, ನೆನಪೈತಾ? ನೀವೇ ಡಬ್ಬಿ ಕಿತ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಿ. ರಕ್ತ ಇಲ್ಲ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ರು. ಮಾತ್ರೆ ತಗಂಡ್ಮೇಲೆ ಬಳಪ ಕಂಡ್ರೆ ಅಸಹ್ಯ ಆಗ್ತಿತ್ತು.”

“ನೀನಾಗ ಬಸುರಿ ಕಣೇ. ನಂಗ್ಯಾಕೆ ಆಗ್ತೈತೆ?”

“ಯಾಕೋ ಗೊತ್ತಿಲ್ಲ. ನಾಳೆ ದುರ್ಗಕ್ಕೆ ಹೋಗಾಣ,” ಎಂದಳು ಉಷಾರಾಣಿ. ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಚಿತ್ರದುರ್ಗದಲ್ಲಿ ಡಾಕ್ಟರು ರಕ್ತ ಎಷ್ಟಿದೆ ಎಂದು ನೋಡಿಸಿದರು. ಹನ್ನೆರಡಿರಬೇಕಾದದ್ದು ಏಳೂವರೆ ಇತ್ತು. ಕಬ್ಬಿಣದ ಅಂಶ ತಳ ಕಂಡಿತ್ತು. ಅವರು ಎರಡೂ ರಿಪೋರ್ಟನ್ನು, ಫೋನಿನ ಗೆರೆಯನ್ನು ಅಕ್ಕಪಕ್ಕ ಇಟ್ಟುಕೊಂಡು ತಲೆ ಕೆರೆದುಕೊಂಡರು.

“ನೋಡ್ರಿ, ಈ ಮೂರು ತಿಂಗಳ ಟೆಸ್ಟು ನೇರವಾಗಿ ಶುಗರ್ ಅಳೆಯಲ್ಲ. ರಕ್ತದ ಕೆಂಪು ಕಣಕ್ಕೆ ಎಷ್ಟು ಸಕ್ಕರೆ ಅಂಟಿದೆ ಅಂತ ನೋಡುತ್ತೆ. ಕಬ್ಬಿಣ ಕಡಿಮೆ ಆದ್ರೆ ಹೊಸ ಕಣ ಬೇಗ ಹುಟ್ಟಲ್ಲ, ಹಳೇವೇ ಜಾಸ್ತಿ ಇರ್ತವೆ. ಹಳೇ ಕಣಕ್ಕೆ ಜಾಸ್ತಿ ಅಂಟಿರುತ್ತೆ. ಅದಕ್ಕೆ ಇರೋದಕ್ಕಿಂತ ಮೇಲೆ ತೋರಿಸಿದೆ. ತೋಳಿನ ಸೆನ್ಸರ್‌ಗೆ ಕಣದ ಗೊಡವೆ ಇಲ್ಲ. ಇವರ ವಿಷಯದಲ್ಲಿ ಅದು ಹೇಳಿದ್ದೇ ಹೆಚ್ಚು ಸರಿ.”

“ಅಂದ್ರೆ ಅವ್ವ ಏನೂ ತಿಂದಿರ್ಲಿಲ್ಲ,” ಎಂದ ಕಲ್ಲೇಶ್.

“ತಿಂದಿದ್ರೆ ಗೆರೆ ಹೇಳ್ತಿತ್ತಲ್ಲ.”

“ಇದನ್ನ ಮೊದ್ಲೇ ನೋಡಬಾರದಿತ್ತಾ ಸಾರ್?”

ಡಾಕ್ಟರು ಹಳೆಯ ಫೈಲು ತಿರುವಿದರು. “ನೋಡಬೇಕಿತ್ತು. ಹೋದ ವರ್ಷದ ರಿಪೋರ್ಟಿನಲ್ಲಿ ರಕ್ತ ಸರಿ ಇತ್ತು ಅಂತ ಬಿಟ್ಟೆ. ಅಮ್ಮ, ನೋವಿಗೆ ಏನು ಮಾತ್ರೆ ತಗೊಳ್ತೀರಿ?”

ಮುರುಗಪ್ಪ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದರು. ಡಾಕ್ಟರ ಮುಖ ಗಂಟಾಯಿತು. ದಿನಾ ನುಂಗಿದರೆ ಇವು ಹೊಟ್ಟೆಯೊಳಗೆ ಹುಣ್ಣು ಮಾಡಿ ತೊಟ್ಟು ತೊಟ್ಟಾಗಿ ರಕ್ತ ಸೋರಿಸಬಹುದು, ಕ್ಯಾಮೆರಾ ಇಳಿಸಿ ಹೊಟ್ಟೆ ನೋಡಬೇಕು, ಇವತ್ತಿನಿಂದಲೇ ನಿಲ್ಲಿಸಿ, ಕಬ್ಬಿಣಕ್ಕೆ ಡ್ರಿಪ್ಪು ಕೊಡೋಣ ಎಂದರು. ರಕ್ತ ತುಂಬಿಕೊಳ್ಳುವಾಗ ಆ ಟೆಸ್ಟಿನ ಸಂಖ್ಯೆ ಮತ್ತೆ ಏರುಪೇರಾಗುತ್ತದೆ, ಸದ್ಯಕ್ಕೆ ಅದನ್ನು ನಂಬುವ ಹಾಗಿಲ್ಲ ಎಂದರು.

ಆಪರೇಷನ್ ಮುಂದಕ್ಕೆ ಹೋಯಿತೆಂದು ನೋವಿನ ಮಾತ್ರೆ. ಮಾತ್ರೆಯಿಂದ ರಕ್ತ ಸೋರಿ, ರಕ್ತ ಕಮ್ಮಿಯಾಗಿ, ಸಂಖ್ಯೆ ಏರಿತೆಂದು ಆಪರೇಷನ್ ಮತ್ತೆ ಮುಂದಕ್ಕೆ. ಯಾರನ್ನು ಹಿಡಿದು ಬೈಯಬೇಕೆಂದು ಕಲ್ಲೇಶನಿಗೆ ಗೊತ್ತಾಗಲಿಲ್ಲ. ಬೈಯಲು ಅವನು ಅಷ್ಟು ದಿನ ಇಟ್ಟುಕೊಂಡಿದ್ದವರು ಒಬ್ಬರೇ.

“ಹಂಗಾದ್ರೆ ನನ್ನ ಕಾಲು?” ಎಂದು ಕೇಳಿದರು ಸರ್ವಮಂಗಳಮ್ಮ.

“ಶುಗರ್ ಅಡ್ಡಿ ಇಲ್ಲಮ್ಮ ಈಗ. ಆದ್ರೆ ಇಷ್ಟು ಕಡಿಮೆ ರಕ್ತ ಇಟ್ಕೊಂಡು ಆಪರೇಷನ್ ಮಾಡೋಕಾಗಲ್ಲ. ಇನ್ನೂ ಎರಡು ಮೂರು ತಿಂಗಳು.”

“ಅದೂ ಮೂರು ತಿಂಗಳೇ,” ಎಂದರು ಸರ್ವಮಂಗಳಮ್ಮ.

ಮನೆಗೆ ಬಂದ ಸಂಜೆ ಉಷಾರಾಣಿ ಬೀರುವಿನ ಬೀಗ ತೆಗೆದು ಸಕ್ಕರೆ ಡಬ್ಬವನ್ನು ಒಲೆ ಪಕ್ಕದ ಗೂಡಿನಲ್ಲಿ ಮೊದಲಿದ್ದ ಜಾಗಕ್ಕೇ ಇಟ್ಟಳು. ಚಿತ್ರಾ ಫೋನ್ ಮಾಡಿದಾಗ, “ನಿಮ್ಮವ್ವ ಒಂದು ಕಾಳು ಸಕ್ಕರೆ ಕದ್ದಿಲ್ಲ. ನಾನೂ ಕದ್ದು ಕೊಟ್ಟಿಲ್ಲ,” ಎಂದು ಹೇಳಿ ಇಟ್ಟುಬಿಟ್ಟಳು. ಮುರುಗಪ್ಪ ಮಾರನೇ ದಿನವೇ ಹೊಸದುರ್ಗಕ್ಕೆ ಹೋಗಿ ಅಂಗಡಿಯವನಿಗೆ ದುಡ್ಡು ಕೊಟ್ಟು, ತಪ್ಪಾಯಿತೆಂದು ಹೇಳಿ ಬಂದರು. ಸರ್ವಮಂಗಳಮ್ಮನಿಗೆ ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಕಾರಿನಲ್ಲಿ ಕಲ್ಲೇಶ್, “ಹೋಗ್ಲಿ ಬಿಡವ್ವ, ಈಗಾದ್ರೂ ಗೊತ್ತಾತಲ್ಲ,” ಎಂದಿದ್ದ, ಅಷ್ಟೇ.

ವಾರ ಕಳೆದು ಕೊನೆಯ ಸೆನ್ಸರಿನ ಅವಧಿ ಮುಗಿಯಿತು. ಶಿವಗಂಗಾ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಬಂದಳು.

“ಅಜ್ಜಿ, ತೋಳು ಕೊಡು. ಎಣ್ಣೆ ಹಚ್ಚಿ ನಿಧಾನಕ್ಕೆ ಕೀಳ್ತೀನಿ.”

ಸರ್ವಮಂಗಳಮ್ಮ ತೋಳಿನ ಮೇಲೆ ಸೆರಗು ಎಳೆದುಕೊಂಡರು. “ಬ್ಯಾಡ. ಇರ್ಲಿ.”

“ಅದು ಸತ್ತೋಗೈತೆ ಅಜ್ಜಿ. ಏನೂ ತೋರ್ಸಲ್ಲ.”

“ನಿಂಗೆ ಗೊತ್ತು ಅದು ಸತ್ತೋಗೈತೆ ಅಂತ. ಇರ್ಲಿ ಬಿಡು.”

ಕಲ್ಲೇಶ್ ಹಿರಿಯೂರಿನಿಂದ ಬಂದವನು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಅಂದು ಅವನು ದಾರಿಯುದ್ದಕ್ಕೂ ಏನೋ ಹೇಳಬೇಕೆಂದುಕೊಂಡು ಬಂದಿದ್ದ. ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಸ್ವಲ್ಪ ಹೊತ್ತು ಅವರ ಬಾತ ಮೊಣಕಾಲು ನೋಡಿದ. ಹೇಳಬೇಕೆಂದಿದ್ದುದು ಬಾಯಿಗೆ ಬರಲಿಲ್ಲ, ಬಂದದ್ದು ದಿನದ ಮಾತೇ.

“ಅವ್ವ, ಏನ್ ತಿಂದೆ?” ಎಂದು ಮೆತ್ತಗೆ ಕೇಳಿದ.

ಸರ್ವಮಂಗಳಮ್ಮ ಸೆರಗು ಸರಿಸಿ ಸೆನ್ಸರ್ ಅಂಟಿದ್ದ ತೋಳನ್ನು ಮಗನ ಮುಂದೆ ಚಾಚಿದರು. 

ಕಲ್ಲೇಶ್ ಜೇಬಿನಿಂದ ಫೋನ್ ತೆಗೆಯಲಿಲ್ಲ. ತೆಗೆದಿದ್ದರೂ ಅದರಲ್ಲಿ ಏನೂ ಬರುತ್ತಿರಲಿಲ್ಲ. ಅವರು ತೋಳನ್ನು ಹಾಗೇ ಚಾಚಿಕೊಂಡಿದ್ದರು.